ತಗಡಿನ ಡಬ್ಬಿಯ ಕೈದಿಗಳು

ಕಾಲುವೆಯ ಸೇತುವೆ ಹತ್ತಿರವಾದಾಗಲೆಲ್ಲ ಅವಳು ವ್ಯಾನಿನೊಳಗಿನ ಮಕ್ಕಳ ತಲೆ ಎಣಿಸುತ್ತಿದ್ದಳು. ಹನ್ನೊಂದು. ಸೇತುವೆ ದಾಟಿದ ಮೇಲೆ ಮತ್ತೊಮ್ಮೆ. ಹನ್ನೊಂದೇ. ಓಡುವ ಗಾಡಿಯಿಂದ ಮಕ್ಕಳು ಆವಿಯಾಗಿ ಹೋಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೂ ಎಣಿಸದೆ ಇರಲಾಗುತ್ತಿರಲಿಲ್ಲ. ನರ್ಸರಿ ಟೀಚರಾಗಿ ಒಂಬತ್ತು ವರ್ಷವಾಗಿತ್ತು; ಸ್ಟಾಫ್ ರೂಮಿನಲ್ಲಿ ಅವಳಿಗಿಟ್ಟ ಹೆಸರು ಸಿಸಿಟಿವಿ. "ಸಿಸಿಟಿವಿ ಬಂತು, ಬಿಸ್ಕತ್ತು ಮುಚ್ಚಿಡ್ರೇ" ಎಂದು ಹೆಡ್‌ಮಿಸ್ಸೇ ರೇಗಿಸುತ್ತಿದ್ದರು. ಅವಳೂ ನಗುತ್ತಿದ್ದಳು, ಒಂದು ಕಣ್ಣನ್ನು ಕಿಟಕಿಯ ಚಿಲಕದ ಮೇಲಿಟ್ಟುಕೊಂಡೇ.

ವ್ಯಾನ್ ಓಡಿಸುತ್ತಿದ್ದವನು ಅವಳ ಸ್ವಂತ ತಮ್ಮ. ಹತ್ತು ವರ್ಷ ಕುಡಿತದಲ್ಲಿ ಮುಳುಗಿ, ಹೆಂಡತಿಯನ್ನು ಕಳೆದುಕೊಂಡು, ಕೊನೆಗೊಂದು ದಿನ ಪ್ರಾರ್ಥನಾ ಮಂದಿರದ ಹಿಂದಿನ ಬೆಂಚಿನಲ್ಲಿ ಬಂದು ಕೂತವನು. ಮೂರು ವರ್ಷದ ಹಿಂದೆ ಅವನಿಗೆ ದೀಕ್ಷಾಸ್ನಾನವಾಯಿತು. ಆಮೇಲೆ ಒಂದು ಹನಿ ಮುಟ್ಟಿರಲಿಲ್ಲ. ಹೆಡ್‌ಮಿಸ್ಸಿನ ಮುಂದೆ ಕೈಮುಗಿದು ಈ ಕೆಲಸ ಕೊಡಿಸಿದವಳು ಅವಳೇ. "ಇವನ ಜವಾಬ್ದಾರಿ ನಂದು ಮೇಡಂ" ಎಂದಿದ್ದಳು.

ಹಾಗೆಂದವಳೇ ಎರಡು ತಿಂಗಳಿಗೆ ಮಂದಿರದ ಮೆಟ್ಟಿಲ ಮೇಲೆ ಹತ್ತು ಜನರೆದುರು ಅವನ ಬಾಯಿಯ ವಾಸನೆ ಹಿಡಿದು, "ಮತ್ತೆ ಶುರು ಹಚ್ಕೊಂಡ್ಯಾ?" ಎಂದು ಕೇಳಿಬಿಟ್ಟಿದ್ದಳು. ಅವನು ಜೇಬಿನಿಂದ ಕೆಮ್ಮಿನ ಔಷಧದ ಬಾಟಲಿ ತೆಗೆದು ಅವಳ ಅಂಗೈಯಲ್ಲಿಟ್ಟ. ಕೂಗಾಡಲಿಲ್ಲ. "ದೇವರೇ ಮರೆತಿರೋದನ್ನ ನೀನ್ಯಾಕಕ್ಕ ಮರೆಯಲ್ಲ?" ಎಂದ. ನಾಲ್ಕು ತಿಂಗಳು ಅವಳ ಮನೆಯಲ್ಲಿ ಊಟಕ್ಕೆ ಕೂರಲಿಲ್ಲ. ಆ ಮಾತು ಅವಳೊಳಗೆ ಮುರಿದ ಸೂಜಿಯಂತೆ ಉಳಿದುಹೋಯಿತು.

ಹಾಗಾಗಿ, ಆರು ವಾರದ ಹಿಂದೆ ಆ ಯೋಚನೆ ಮತ್ತೆ ಬಂದು ಬಾಗಿಲು ತಟ್ಟಿದಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಗಾಡಿ ಓಡಿಸುವಾಗ ಸ್ತುತಿಗೀತೆ ಗುನುಗುವುದು ಅವನ ಅಭ್ಯಾಸ. ಅಂದು ಇಳಿಜಾರಿನಲ್ಲಿ ಸಾಲಿನ ನಡುವೆಯೇ ಗುನುಗು ನಿಂತಿತು. ಕನ್ನಡಿಯಲ್ಲಿ ಕಂಡ ಅವನ ಕಣ್ಣುಗಳು ರಸ್ತೆಯ ಮೇಲಿದ್ದವು, ಆದರೆ ರಸ್ತೆಯನ್ನು ನೋಡುತ್ತಿರಲಿಲ್ಲ. "ಏಯ್" ಎಂದು ಮೂರು ಸಲ ಕರೆದಳು. ಅವನು ತುಟಿ ಚಪ್ಪರಿಸಿದ, "ಹ್ಞೂಂ" ಎಂದ, ಬೇರೊಂದೇ ಸಾಲಿನಿಂದ ಹಾಡು ಎತ್ತಿಕೊಂಡ. ಮತ್ತೆ ಕುಡೀತಿದ್ದಾನೆ ಎಂದಿತು ಅವಳ ಮನಸ್ಸು.

ಅವಳು ಸಿಸ್ಟರಮ್ಮನ ಹತ್ತಿರ ಹೋದಳು. ಸಿಸ್ಟರಮ್ಮ ಎಂದರೆ ಸಭೆಯ ಹೆಂಗಸರ ಪ್ರಾರ್ಥನೆ ನಡೆಸುವ ಮುದುಕಿ. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಯಾರ ಬಗ್ಗೆ ಎಂದು ಹೇಳದೆ, "ಬರಬಾರದ ಯೋಚನೆ ಬರ್ತವೆ, ಏನ್ಮಾಡ್ಲಿ?" ಎಂದಷ್ಟೇ ಕೇಳಿದಳು.

"ಬರೋದನ್ನ ಯಾರೂ ತಡೆಯೋಕಾಗಲ್ಲ ಕಣಮ್ಮ," ಎಂದರು ಸಿಸ್ಟರಮ್ಮ, ಹುರುಳಿಕಾಯಿಯ ನಾರು ತೆಗೆಯುತ್ತ. "ಬಂದದ್ದು ಮನೆ ತುಂಬ ಓಡಾಡ್ಕೊಂಡಿರೋಕೆ ಬಿಡಬೇಡ, ಅಷ್ಟೇ. ಕಾಲರ್ ಹಿಡಿದು ಸೆರೆಗೆ ಹಾಕು. ಒಂದು ಚೀಟೀಲಿ ಬರಿ. ಕಣ್ಣಲ್ಲಿ ಕಂಡದ್ದನ್ನ ಮಾತ್ರ ಬರಿ, ಊಹೆ ಬೇಡ. ಆಮೇಲೆ ಅದನ್ನ ಕ್ರಿಸ್ತನ ಮುಂದೆ..."

ಅವರು ಇನ್ನೂ ಏನೋ ಹೇಳುತ್ತಿದ್ದರು. ಆದರೆ ಅವಳಿಗೆ ಸೆರೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ ಎಷ್ಟೋ ಹಗುರವಾಗಿತ್ತು. ಬೀಗ ಹಾಕುವ ಕೆಲಸ ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಮನೆಯಲ್ಲಿ ಖಾಲಿಯಾದ ಬಿಸ್ಕತ್ತಿನ ತಗಡಿನ ಡಬ್ಬಿಯೊಂದಿತ್ತು. ಚಮಚದ ಹಿಡಿಯಿಂದ ಮೀಟದ ಹೊರತು ಅದರ ಮುಚ್ಚಳ ಬರುತ್ತಿರಲಿಲ್ಲ. ಅದೇ ಸೆರೆಮನೆಯಾಯಿತು. ಪ್ರತಿದಿನ ವ್ಯಾನಿನಿಂದಿಳಿದು ಬಂದ ಕೂಡಲೇ ಮಕ್ಕಳ ಹಳೆಯ ಪಟ್ಟಿಯ ಹಾಳೆ ಹರಿದು, ಕಂಡದ್ದನ್ನು ಗುಂಡು ಅಕ್ಷರದಲ್ಲಿ ಬರೆದು, ತಾರೀಕು ಹಾಕಿ, ಮಡಚಿ ಒಳಗೆ ಹಾಕುವಳು. ಮುಚ್ಚಳ ಒತ್ತಿ, "ಸ್ವಾಮೀ, ಇದನ್ನ ನನ್ನಿಂದ ದೂರ ಇಡು" ಎನ್ನುವಳು. ಮತ್ತೆ ಅದರ ಬಗ್ಗೆ ಯೋಚಿಸುವಂತಿಲ್ಲ. ನಲವತ್ತು ದಿನ ಹೀಗೆ ಮಾಡಿ, ಓದದೆಯೇ ಎಲ್ಲವನ್ನೂ ಸುಟ್ಟುಬಿಡುವುದೆಂದು ಹರಕೆ ಹೊತ್ತಳು.

ಮನಸ್ಸು ನಿಜಕ್ಕೂ ತಣ್ಣಗಾಯಿತು. ನಿದ್ದೆ ಬರತೊಡಗಿತು. ಬುಧವಾರದ ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು, ದೇವರು ತನ್ನ ಮನಸ್ಸಿಗೆ ಶಾಂತಿ ಕೊಟ್ಟನೆಂದು ಸಾಕ್ಷಿಯನ್ನೂ ಹೇಳಿದಳು. ಆದರೆ ಅದು ಎಂಥ ಮೌನವೆಂದು ಅವಳಿಗೆ ಗೊತ್ತಿರಬೇಕಿತ್ತು. ಪಕ್ಕದ ಕೋಣೆಯಲ್ಲಿ ಮೂವತ್ತು ಮಕ್ಕಳು ಸದ್ದಿಲ್ಲದೆ ಇದ್ದಾರೆಂದರೆ ಯಾವ ಟೀಚರೂ ನೆಮ್ಮದಿಯಾಗಿ ಕೂರುವುದಿಲ್ಲ.

ಒಂದು ಬೆಳಿಗ್ಗೆ ಮುಂದಿನ ಸೀಟಿನ ಎರಡು ಜಡೆಯ ಹುಡುಗಿ ಬಂದು ಅವಳ ಸೆರಗು ಜಗ್ಗಿದಳು. "ಮಿಸ್, ಸ್ಟ್ಯಾಚೂ ಆಟದಲ್ಲಿ ಡ್ರೈವರ್ ಮಾಮಾನೇ ಫಸ್ಟು. ಸ್ಟ್ಯಾಚೂ ಅಂದ್ರೆ ಕಣ್ಣೂ ಮಿಟುಕಿಸಲ್ಲ. ನಾನು ಮೂಗು ಹಿಂಡಿದ್ರೂ ನಗಲಿಲ್ಲ."

"ಗಾಡೀಲಿ ಆಟ ಆಡಬಾರ್ದು ಪುಟ್ಟಿ."

"ಗಾಡಿ ನಿಂತಿತ್ತು ಮಿಸ್. ಗೇಟ್ ಹತ್ರ."

ಅವಳು ತಿರುಗಿ ಗೇಟಿನತ್ತ ನೋಡಿದಳು. ಸಂಜೆ ಅದೂ ಚೀಟಿಯಾಯಿತು.

ಮರುವಾರ ವ್ಯಾನಿನ ಎಡಬದಿಗೆ ಉದ್ದಕ್ಕೂ ಸುಣ್ಣ ಮೆತ್ತಿತ್ತು. ಸುಣ್ಣ ಬಳಿದಿದ್ದದ್ದು ಆ ದಾರಿಯಲ್ಲಿ ಸೇತುವೆಯ ಮೋಟುಗೋಡೆಗೆ ಮಾತ್ರ. ಅದು ಮಂಡಿಯೆತ್ತರದ್ದು, ಅದರಾಚೆ ಹಸಿರು ನೀರು. "ನಾಯಿ ಅಡ್ಡ ಬಂತಕ್ಕ" ಎಂದ ತಮ್ಮ. ಗಾಡಿ ಗೋಡೆಗೆ ಉಜ್ಜಿದ ಆ ಕ್ಷಣ ಅವಳು ಹಿಂದಿನ ಸೀಟಿನಲ್ಲಿ ಒಂದು ಮಗುವಿನ ಬೂಟಿನ ದಾರ ಕಟ್ಟುತ್ತಿದ್ದಳು. ತಟ್ಟನೆ ತಲೆಯೆತ್ತಿ ಹಿಂದಿನ ಗಾಜಿನಲ್ಲಿ ನೋಡಿದ್ದಳು. ಉದ್ದ ಸೇತುವೆ ಖಾಲಿ ಬಿದ್ದಿತ್ತು. ಚೀಟಿಯಲ್ಲಿ ಬರೆದಳು: ಎಡಗಡೆ ಸುಣ್ಣ. ನಾಯಿ ಅಂದ. ನಾನು ನಾಯಿ ನೋಡಲಿಲ್ಲ. ಮುಚ್ಚಳ ಒತ್ತುವಾಗ ಅಂದು ಎರಡೂ ಕೈ ಬೇಕಾಯಿತು.

ನಲವತ್ತನೆಯ ದಿನ ಗುರುವಾರ. ಡಬ್ಬಿಯನ್ನು ಬಟ್ಟೆಯ ಚೀಲದಲ್ಲಿ ಶಾಲೆಗೇ ತಂದಿದ್ದಳು. ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಹೊರಟಾಗ ತಮ್ಮ ವ್ಯಾನಿನ ಮುಂಗಾಜು ಒರೆಸುತ್ತಿದ್ದ.

"ಏನಕ್ಕ, ಸಿಸಿಟಿವಿಗೆ ಕರೆಂಟ್ ಹೋಯ್ತಾ?"

"ಹೋಯ್ತು ಅಂದ್ಕೋ. ಸಂಜೆ ಆಯಾ ಬರ್ತಾಳೆ ನಿನ್ನ ಜೊತೆ. ನಿಧಾನವಾಗಿ ಹೋಗು."

"ಬಿಡಕ್ಕ, ಅವಳು ನಿನ್ನ ಹಾಗೆ ಉಸಿರೆಣಿಸಲ್ಲ. ಹಾಯಾಗಿ ನಿದ್ದೆ ಮಾಡ್ತಾಳೆ."

ಅವನ ಮಾತು ತೊದಲುತ್ತಿತ್ತು. ಅವಳು ನೋಡಿದಳೆಂದು ತಿಳಿದು, "ರಾತ್ರಿ ನಿದ್ದೇಲಿ ನಾಲಿಗೆ ಕಚ್ಕೊಂಡಿದೀನಿ" ಎಂದು ಮುಖ ತಿರುಗಿಸಿದ. ದಾರಿಯಲ್ಲೇ ಒಂದು ಕಟ್ಟೆಯ ಮೇಲೆ ಕೂತು, ಮೊಣಕಾಲ ಮೇಲೆ ಹಾಳೆಯಿಟ್ಟು ಅವಳು ಕೊನೆಯ ಚೀಟಿ ಬರೆದಳು.

ಸಿಸ್ಟರಮ್ಮನ ಅಡುಗೆಮನೆಯಲ್ಲಿ ಮೇಜಿನ ಮೇಲೆ ಡಬ್ಬಿಯಿಟ್ಟು, "ಬೆಂಕಿಪೊಟ್ಟಣ ಕೊಡ್ತೀರಾ?" ಎಂದಳು.

"ಯಾಕೆ, ಸ್ಟವ್ ಹಚ್ಚಿದೆಯಲ್ಲ."

"ಇದನ್ನ ಸುಡೋಕೆ. ನೀವು ಹೇಳಿದ್ರಲ್ಲ, ಯೋಚನೆಗಳನ್ನ ಸೆರೆಗೆ ಹಾಕು ಅಂತ. ನಲವತ್ತು ದಿನದ್ದು ಎಲ್ಲ ಇದರಲ್ಲಿದೆ."

ಸಿಸ್ಟರಮ್ಮ ಕನ್ನಡಕ ಮೇಲೇರಿಸಿದರು. "ಸೆರೆಗೆ ಹಾಕು ಅಂದೆ. ನೇಣಿಗೆ ಹಾಕು ಅಂದ್ನಾ? ಹಿಡಿದ ಮೇಲೆ ಕ್ರಿಸ್ತನ ಮುಂದೆ ನಿಲ್ಲಿಸಿ ವಿಚಾರಣೆ ಮಾಡ್ಸು ಅಂದಿದ್ನಲ್ಲ, ಅದನ್ನ ಯಾರಿಗೆ ಹೇಳ್ದೆ, ಆ ಹುರುಳಿಕಾಯಿಗಾ?"

"ವಿಚಾರಣೆ ಅಂದ್ರೆ?"

"ಮೊದಲು ಒಂದೇ ಪ್ರಶ್ನೆ. ನೀನು ನಿಜವೋ ಸುಳ್ಳೋ? ಸುಳ್ಳಾದ್ರೆ ಹೊರಗೆ ಅಟ್ಟು. ನಿಜವಾದ್ರೆ ಅದು ಕೈದಿ ಅಲ್ಲ ಕಣೇ, ಅದು ಸಾಕ್ಷಿ. ಸಾಕ್ಷಿನ ಡಬ್ಬೀಲಿ ಮುಚ್ಚಿಟ್ಟು ನಾನು ಪವಿತ್ರಳಾದೆ ಅಂತ ಕೂತ್ರೆ ದೇವರು ಮೆಚ್ತಾನಾ?"

ಚಮಚ ತೆಗೆದುಕೊಂಡು ಅವರೇ ಮುಚ್ಚಳ ಮೀಟಿದರು. ಇಪ್ಪತ್ತಾರು ಚೀಟಿಗಳು. ಒಂದೊಂದನ್ನೂ ಬಿಡಿಸಿ, ಇಸ್ಪೀಟಿನೆಲೆಯಂತೆ ಮೇಜಿನ ಮೇಲೆ ಸಾಲಾಗಿ ಜೋಡಿಸುತ್ತ ಹೋದರು. ಮೊದಮೊದಲು ತುಟಿಯಂಚಿನಲ್ಲಿದ್ದ ನಗು ಆರನೆಯ ಚೀಟಿಗೆ ಆರಿತು. ಹದಿನೈದನೆಯದಕ್ಕೆ ಅವರು ಎದ್ದು ಸ್ಟವ್ ಆರಿಸಿದರು.

"ಯಾರಿದು?"

"ನನ್ನ ತಮ್ಮ." "ಅವನು ಮತ್ತೆ ಕುಡೀತಿದ್ದಾನೆ ಅಂತ ನನಗೆ..."

"ಕುಡಿತ ಎಲ್ಲಿದೆ ಇದರಲ್ಲಿ? ಇಪ್ಪತ್ತಾರರಲ್ಲಿ ಒಂದರಲ್ಲಾದ್ರೂ ವಾಸನೆ ಅಂತ ಬರ್ದಿದ್ದೀಯಾ?"

ಅವಳು ಸಾಲಿನ ಮೇಲೆ ಕಣ್ಣಾಡಿಸಿದಳು. ಹಾಡು ಮಧ್ಯದಲ್ಲಿ ನಿಂತಿತು. ಕರೆದರೆ ತಿರುಗಲಿಲ್ಲ. ತುಟಿ ಚಪ್ಪರಿಸಿದ. ಹೆಬ್ಬೆರಳು ಅಂಗಿಯ ಗುಂಡಿಯನ್ನು ಉಜ್ಜುತ್ತಿತ್ತು. ಹಾಡು ನಿಂತಿತು. ಸ್ಟ್ಯಾಚೂ. ಹಾಡು ನಿಂತಿತು. ವಾಸನೆ ಎಲ್ಲೂ ಇರಲಿಲ್ಲ. ಅವಳ ಕೈ ಪ್ರಾಮಾಣಿಕವಾಗಿ ಕಂಡದ್ದನ್ನೇ ಬರೆದಿತ್ತು. ಕುಡಿತವನ್ನು ಸೇರಿಸಿದ್ದು ಅವಳ ಭಯ.

"ವಾರ್ಡಿನಲ್ಲಿ ಇಂಥವರನ್ನ ಎಷ್ಟೋ ಜನರನ್ನ ನೋಡಿದ್ದೀನಿ," ಎಂದರು ಸಿಸ್ಟರಮ್ಮ, ಮೆಲ್ಲಗೆ. "ಇದು ಫಿಟ್ಸ್ ಇರಬಹುದು. ಬಿದ್ದು ಒದ್ದಾಡೋದೊಂದೇ ಫಿಟ್ಸ್ ಅಲ್ಲ. ಕೂತವನು ಕೂತ ಹಾಗೇ ಇರ್ತಾನೆ, ಆದ್ರೆ ಒಂದಷ್ಟು ಹೊತ್ತು ಒಳಗೆ ಯಾರೂ ಇರಲ್ಲ. ಆಮೇಲೆ ಅವನಿಗೇ ನೆನಪಿರಲ್ಲ. ಡಾಕ್ಟರು ನೋಡಿ ಹೇಳ್ಬೇಕು. ಅಲ್ಲೀವರೆಗೆ..." ಅವರು ಕೊನೆಯ ಚೀಟಿ ಎತ್ತಿಕೊಂಡರು. "ನಿದ್ದೇಲಿ ನಾಲಿಗೆ ಕಚ್ಕೊಂಡಿದ್ದು ಯಾವತ್ತು?"

"ನಿನ್ನೆ ರಾತ್ರಿ."

"ಇವತ್ತು ಗಾಡಿ ಯಾರು ಓಡಿಸ್ತಿದ್ದಾರೆ?"

ಗೋಡೆಯ ಗಡಿಯಾರ ಮೂರು ಹದಿನೆಂಟು ತೋರಿಸುತ್ತಿತ್ತು. ಶಾಲೆಯ ಗಂಟೆ ಮೂರೂವರೆಗೆ.

ತಮ್ಮನ ಫೋನು ಬಡಿದುಕೊಂಡೇ ಇತ್ತು, ಎತ್ತಲಿಲ್ಲ. ಗಾಡಿ ಹತ್ತುವ ಮುಂಚೆ ಅದನ್ನು ಸದ್ದಡಗಿಸಿ ಡ್ರಾಯರಿನಲ್ಲಿಡುವ ನಿಯಮ ಮಾಡಿದವಳು ಅವಳೇ. ಶಾಲೆಯ ಆಫೀಸಿನ ನಂಬರು ಎಂಗೇಜ್. "ನೀನು ಓಡು, ನಾನು ಫೋನ್ ಮಾಡ್ತಾನೇ ಇರ್ತೀನಿ" ಎಂದರು ಸಿಸ್ಟರಮ್ಮ. ಅವಳು ಚಪ್ಪಲಿ ಮೆಟ್ಟದೆ ಬೀದಿಗಿಳಿದಳು.

ಓಡುತ್ತಿದ್ದಂತೆ ಯೋಚನೆಗಳು ಕಿತ್ತುಕೊಂಡು ಬಂದವು. ವ್ಯಾನ್ ಆಗಲೇ ನೀರಿನಲ್ಲಿದೆ. ನೋಡಿದೆಯಾ? ಇಲ್ಲ. ಹಾಗಾದರೆ ಆಚೆ ನಿಲ್ಲು. ಎಲ್ಲ ನಿನ್ನಿಂದಲೇ ಆಯಿತು. ಆದದ್ದು ಏನೆಂದು ನಿನಗೇ ಗೊತ್ತಿಲ್ಲ, ಆಚೆ ನಿಲ್ಲು. ಅವನನ್ನು ಮತ್ತೆ ಎಲ್ಲರೆದುರು ಅವಮಾನ ಮಾಡಲು ಹೊರಟಿದ್ದೀಯ, ಈ ಸಲ ಅವನು ನಿನ್ನ ಬಾಗಿಲಿಗೇ ಬರುವುದಿಲ್ಲ. ಇದಕ್ಕೆ ಅವಳು ತಡವರಿಸಿದಳು. ಇದು ನಿಜವಿರಬಹುದು. ಆದರೂ ಓಡಿದಳು. ಅವನು ಇವತ್ತು ಗಾಡಿ ಓಡಿಸಬಾರದು. ನಿಜವೇ? ನಿಜ. ಹಾಗಾದರೆ ನೀನೊಂದೇ ಬಾ ನನ್ನ ಜೊತೆ. "ಸ್ವಾಮೀ, ಐದೇ ನಿಮಿಷ" ಎಂದಳು, ಉಸಿರಿನ ನಡುವೆ. ನಲವತ್ತು ದಿನದಲ್ಲಿ ಅವಳು ಏನನ್ನೂ ದೂರ ಇಡು ಎನ್ನದೆ ಮಾಡಿದ ಮೊದಲ ಪ್ರಾರ್ಥನೆ ಅದು.

ಗಂಟೆ ಬಾರಿಸಿ ಆಗಿತ್ತು. ಗೇಟಿನ ಹೊರಗೆ ವ್ಯಾನ್ ನಿಂತಿತ್ತು, ಮೂಗು ಇಳಿಜಾರಿನ ಕಡೆಗೆ. ಎಂಜಿನ್ ಗುರುಗುಡುತ್ತಿತ್ತು. ಕಿಟಕಿಗಳ ತುಂಬ ಮಕ್ಕಳ ಮುಖ. ಆಯಾ ಬಾಗಿಲೆಳೆದುಕೊಂಡು, "ಹೋಗೋಣಪ್ಪ, ಹೋಗೋಣ" ಎಂದು ತಗಡು ತಟ್ಟುತ್ತಿದ್ದಳು. ಗಾಡಿ ಕದಲಲಿಲ್ಲ. ಆಯಾ ಮತ್ತೆ ತಟ್ಟಿದಳು.

ಅವಳು ಸುತ್ತು ಬಳಸಿ ಡ್ರೈವರಿನ ಕಿಟಕಿಗೆ ಬಂದಳು. ಎಡಗೈ ಸ್ಟಿಯರಿಂಗ್ ಮೇಲೆ ಹಾಗೇ ಇತ್ತು. ಬಲಗೈಯ ಹೆಬ್ಬೆರಳು ಅಂಗಿಯ ಗುಂಡಿಯನ್ನು ಉಜ್ಜುತ್ತಿತ್ತು, ನಿಧಾನವಾಗಿ, ಸುತ್ತಿ ಸುತ್ತಿ. ಅವಳ ಮುಖ ಅವನ ಮುಖದಿಂದ ಗೇಣುದ್ದದಲ್ಲಿತ್ತು. ಅವನು ನೋಡಲಿಲ್ಲ. ಕೈ ಒಳಗೆ ಚಾಚಿ ಕೀಲಿ ತಿರುಗಿಸಿ ಕಿತ್ತುಕೊಂಡಳು, ಹ್ಯಾಂಡ್‌ಬ್ರೇಕ್ ಎಳೆದಳು. ಎಂಜಿನ್ ನಿಂತಾಗ ಉಂಟಾದ ಮೌನದಲ್ಲಿ ಮಕ್ಕಳೂ ಸುಮ್ಮನಾದರು.

"ಮಿಸ್," ಎಂದಳು ಎರಡು ಜಡೆಯ ಹುಡುಗಿ, ಮುಂದಿನ ಸೀಟಿನಿಂದ, ಪಿಸುಮಾತಿನಲ್ಲಿ. "ನಾವ್ಯಾರೂ ಸ್ಟ್ಯಾಚೂ ಅಂದೇ ಇಲ್ಲ."

"ಗೊತ್ತು ಪುಟ್ಟಿ. ಎಲ್ಲರೂ ಇಳೀರಿ. ಒಬ್ಬೊಬ್ಬರಾಗಿ, ಆಯಾ ಕೈ ಹಿಡ್ಕೊಂಡು."

ಒಂದು, ಎರಡು, ಮೂರು. ಏಳನೆಯ ಮಗು ಇಳಿಯುವಾಗ ತಮ್ಮ ತುಟಿ ಚಪ್ಪರಿಸಿದ. ಕೈ ಕೀಲಿಯ ಕಡೆ ಹೋಯಿತು, ಅಲ್ಲಿ ಕೀಲಿ ಇರಲಿಲ್ಲ. ಅವಳನ್ನು ಕಂಡು ಹುಬ್ಬು ಗಂಟಿಕ್ಕಿದ.

"ಅಕ್ಕ? ನೀನ್ಯಾವಾಗ ಬಂದೆ?"

ಅವನು ಇಳಿಯುತ್ತಿರುವ ಮಕ್ಕಳನ್ನು ನೋಡಿದ, ಗೇಟಿನಿಂದ ಓಡಿಬರುತ್ತಿದ್ದ ಹೆಡ್‌ಮಿಸ್ಸನ್ನು ನೋಡಿದ, ಕೊನೆಗೆ ಅವಳ ಮುಷ್ಟಿಯಲ್ಲಿದ್ದ ಕೀಲಿಯನ್ನು. ಮುಖದ ಬಣ್ಣ ಇಳಿದುಹೋಯಿತು.

"ನಾನು ಕುಡ್ದಿಲ್ಲಕ್ಕ. ಆಣೆಗೂ ಕುಡ್ದಿಲ್ಲ."

"ಗೊತ್ತು ಕಣೋ. ಕುಡ್ದಿಲ್ಲ. ತಪ್ಪು ತಿಳ್ಕೊಂಡಿದ್ದು ನಾನು. ಆದ್ರೆ ಕೀಲಿ ಕೊಡಲ್ಲ. ಸಿಸ್ಟರಮ್ಮ ಬರ್ತಾರೆ, ಮೂವರೂ ಆಸ್ಪತ್ರೆಗೆ ಹೋಗೋಣ."

ಅವನು ಜಗಳಕ್ಕೆ ಬರುತ್ತಾನೆಂದುಕೊಂಡಿದ್ದಳು. ಬರಲಿಲ್ಲ. ಸ್ಟಿಯರಿಂಗ್ ಮೇಲಿನ ತನ್ನ ಕೈಯನ್ನು ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡುತ್ತ ಕೂತಿದ್ದ.

"ಅವತ್ತು ಸುಣ್ಣ ಹತ್ತಿತ್ತಲ್ಲ," ಎಂದ. "ನಾಯಿ ಇತ್ತೋ ಇಲ್ವೋ ನನಗೆ ಗೊತ್ತಿಲ್ಲಕ್ಕ. ನೀನು ಮತ್ತೆ ವಾಸನೆ ನೋಡ್ತೀಯ ಅಂತ ನಾಯಿ ಅಂದೆ. ನನಗೆ ಸೇತುವೆ ಹತ್ತಿದ್ದೇ ನೆನಪಿಲ್ಲ."

ಆಯಾ ಬಾಗಿಲ ಬಳಿಯಿಂದ, "ಎಲ್ಲ ಇಳಿದವು ಮಿಸ್" ಎಂದು ಕೂಗಿದಳು. ಅವಳು ಒಂದು ಕೈಯಲ್ಲಿ ಕೀಲಿ, ಇನ್ನೊಂದರಲ್ಲಿ ತಮ್ಮನ ತೋಳು ಹಿಡಿದುಕೊಂಡೇ ತಿರುಗಿ ನೋಡಿದಳು. ಗೋಡೆಯ ನೆರಳಿನಲ್ಲಿ ಮಕ್ಕಳು ಸಾಲಾಗಿ ನಿಂತಿದ್ದವು. ಅವಳು ಎಣಿಸಿದಳು.