ಬಗ್ಗಿ ನೋಡುವ ಕ್ಯಾಮೆರಾ

ಗುದ್ಲೆಪ್ಪನಿಗೆ ಮದುವೆ ನಿಶ್ಚಯವಾಗಿತ್ತು, ಹೆಂಡತಿಯಾಗುವವಳ ಮುಖ ಮಾತ್ರ ಗೊತ್ತಿರಲಿಲ್ಲ. ಹಿರೇಕೆರೂರಿನಲ್ಲಿ ಹೆಣ್ಣು ನೋಡಿದ ದಿನ ಆಕೆ ತಲೆ ಬಗ್ಗಿಸಿದ್ದಳು, ಈ ಭೂಪನೂ ಬಗ್ಗಿಸಿದ್ದ. ಅವಲಕ್ಕಿಯ ತಟ್ಟೆ ಕೊಟ್ಟ ಕೈಯೊಂದು ಕಂಡಿದ್ದೇ ಲಾಭ. ಹಿರಿಯರು ಎಲೆ-ಅಡಿಕೆ ಹಂಚಿ ಎದ್ದರು. ಇನ್ನು ತಾಳಿ ಕಟ್ಟುವತನಕ ಗಂಡು ಆ ಊರಿಗೆ ಕಾಲಿಡುವಂತಿಲ್ಲ.

ಇದಿಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ಆದರೆ ಅಪ್ಪ ಹೊಳಬಸಪ್ಪ ಅಡಿಗೆಮನೆಯಲ್ಲಿ ಅವ್ವನಿಗೆ ಹೇಳಿದ ಮಾತು ಅವನ ಕಿವಿಗೆ ಬಿದ್ದಿತ್ತು. "ಹುಡುಗಿ ಏನೂ ಅನ್ಲಿಲ್ಲ, ಸುಮ್ಮ ಕುಂತಿದ್ಲು. ಅಂದಮ್ಯಾಲ ಒಪ್ಪಿದಂಗ ಅಲ್ಲೇನು?" ಸುಮ್ಮನೆ ಕುಳಿತವಳ ಮನಸ್ಸಿನಲ್ಲಿ ಬೇರೇನಾದರೂ ಇದ್ದರೆ? ತಾನು ಅವಳಿಗೆ ಬೇಡವಾಗಿದ್ದರೆ? ತಾಳಿಗೆ ಮುಂಚೆ ಅವಳನ್ನೊಮ್ಮೆ ಕಣ್ಣಾರೆ ನೋಡಲೇಬೇಕು ಅಂದುಕೊಂಡ.

ಉಪಾಯ ಕೈಯಲ್ಲೇ ಇತ್ತು. ೧೯೫೮ರ ಆ ವರ್ಷ ಹುಬ್ಬಳ್ಳಿಯ ಸೋದರಮಾವ ತನ್ನ ಹಳೆಯ ಕ್ಯಾಮೆರಾವನ್ನು ಅವನಿಗೆ ಕೊಟ್ಟಿದ್ದ. ಡಬ್ಬಿಯಂಥದ್ದು, ಮುಂದೆ ಎರಡು ಕಣ್ಣು. ಹೊಟ್ಟೆಗೆ ಆನಿಸಿ ಹಿಡಿದು, ಮೇಲಿನ ಗಾಜಿನಲ್ಲಿ ಬಗ್ಗಿ ನೋಡಬೇಕು. ಎದುರಿನವರು, ಪಾಪ, ಹುಡುಗ ಬಲು ಮರ್ಯಾದಸ್ಥ, ತಲೆಯನ್ನೇ ಎತ್ತುವುದಿಲ್ಲ ಅಂದುಕೊಳ್ಳುತ್ತಾರೆ! "ಊರೂರು ತಿರುಗಿ ಬೀದಿ ಫೋಟೋ ತೆಗೀತೇನ್ರಿ ಅಪ್ಪಾ" ಎಂದವನು, "ಬೀದ್ಯಾಗ ಏನೈತೋ ತೆಗಿಯಾಕ?" ಎಂದು ಅಪ್ಪ ಕೇಳುವಷ್ಟರಲ್ಲಿ ಸವಣೂರಿನ ಬಸ್ಸು ಹತ್ತಿಬಿಟ್ಟಿದ್ದ.

ಬೀದಿಯಲ್ಲಿ ಏನುಂಟು ಏನಿಲ್ಲ! ಶಿಗ್ಗಾಂವಿಯಲ್ಲಿ ಕಟ್ಟೆಯ ಮೇಲೆ ಗಡ್ಡ ಹೆರೆಸಿಕೊಳ್ಳುತ್ತಿದ್ದವನ ಕಡೆ ಕ್ಯಾಮೆರಾ ತಿರುಗಿಸಿದ. ಯಾರೋ "ಫೋಟೋ!" ಎಂದು ಕೂಗಿದ್ದೇ ತಡ, ಆತ ಅರ್ಧ ಗಡ್ಡದಲ್ಲೇ ಮನೆಗೆ ಓಡಿ, ಕೋಟು ತೊಟ್ಟು ಬಂದು, ಉಸಿರು ಬಿಗಿಹಿಡಿದು ಎದುರಿಗೆ ನಿಂತ. ಹಾನಗಲ್ಲಿನಲ್ಲಿ ಬೆಣ್ಣೆ ಮಾರುವ ತಿಪ್ಪವ್ವ ಎಂಬ ಮುದುಕಿ, "ಸೀರೀ ಕೆಂಪು ಬರ್ತೈತೇನೋ ತಮ್ಮಾ?" ಎಂದಳು.

"ಬರೇ ಕಪ್ಪು ಬಿಳಿ ಬರ್ತೈತಿ ಬೇ."

"ಹಂಗಾರ ಕೆಂಪಂದು ಉಟ್ಟು ಏನ ಬಂತು? ತೆಗಿಬ್ಯಾಡ ನಡಿ!"

ಬೈಯುತ್ತಲೇ ಮುದುಕಿ ಬಾಯ್ತುಂಬ ನಕ್ಕಳು. ಗುದ್ಲೆಪ್ಪ ಆ ನಗುವನ್ನೇ ಹಿಡಿದ. ಮುಂದಿನ ಬಸ್ಸಿನಲ್ಲಿ ಒಬ್ಬನೇ ನಗುತ್ತ ಕುಳಿತವನನ್ನು ಕಂಡು ಪಕ್ಕದವರು ಸರಿದು ಕುಳಿತರು.

ಹಿರೇಕೆರೂರಿನ ಸಂತೆಯಲ್ಲಿ ಸವಣೂರ ವೀಳ್ಯದೆಲೆ ಮಾರುವ ಗೆಳೆಯ ಹಜರತಅಲಿ ಕಾಯುತ್ತಿದ್ದ. ಹುಡುಗಿಯ ಮನೆಯವರು ವಾರವಾರವೂ ಎಲೆ ಒಯ್ಯುವುದು ಅವನ ಹತ್ತಿರವೇ. ಗುರುತು ಸಿಗದಿರಲೆಂದು ಅವನ ರುಮಾಲನ್ನೇ ತಲೆಗೆ ಸುತ್ತಿಕೊಂಡು ಗುದ್ಲೆಪ್ಪ ಎಲೆಬುಟ್ಟಿಗಳ ನಡುವೆ ಬಗ್ಗಿ ನಿಂತ.

"ಬಂದ್ರು ನೋಡಲೇ, ಬಳಿಗಾರನ ಮುಂದ. ನಡುವ ನಿಂತಾಕಿ ಹುಡುಗೀ ಚಿಗವ್ವ. ನಮ್ಮ ಎಡಕ್ಕ ಇದ್ದಾಕೀನ ನಿನ್ನ ಮಾದೇವಿ."

ಗುದ್ಲೆಪ್ಪ ಗಾಜಿನಲ್ಲಿ ಎಡಕ್ಕೆ ನೋಡಿದ. ಗುಂಡುಮುಖದ ಹುಡುಗಿಯೊಬ್ಬಳು ಕಡಲೆ ಅಗಿಯುತ್ತಿದ್ದಳು. ಒಂದು ಫೋಟೋ ತೆಗೆದ. ಹುಡುಗಿ ಕ್ಯಾಮೆರಾ ಕಂಡವಳೇ ನಾಲಿಗೆ ಹೊರಹಾಕಿದಳು. ಇನ್ನೊಂದು ತೆಗೆದ. ಮೂತಿ ತಿರುವಿ ಬೆನ್ನು ಮಾಡಿ ನಿಂತಳು. ಬೆನ್ನಿನದೂ ತೆಗೆದ, ಕೈ ನಿಲ್ಲಬೇಕಲ್ಲ! ರೋಲು ಮುಗಿದೇಹೋಯಿತು.

"ಆಕಿಗೆ ನಾ ಬ್ಯಾಡಲೇ" ಎಂದ, ಅಳುವ ದನಿಯಲ್ಲಿ.

"ನಿನಗೇನ ಹುಚ್ಚ ಹಿಡದೈತಿ? ಇತ್ತಾಗ ನೋಡಿ ನಗಾಕತ್ತಾಳ!"

"ಎಲ್ಲಿ ನಗತಾಳೋ? ನಾಲಿಗಿ ತೋರಸ್ತಾಳ!"

ಇಬ್ಬರೂ ಹೀಗೆ ಕಚ್ಚಾಡುತ್ತಿರುವಾಗ ಗುದ್ಲೆಪ್ಪನ ಪಾದಗಳೆದುರು ಇನ್ನೆರಡು ಪಾದಗಳು ಬಂದು ನಿಂತವು.

"ಯಾರ ಫೋಟೋ ತೆಗಿಯಾಕತ್ತೀರಿ?"

"ಬೀ... ಬೀದೀದ್ರಿ."

"ಬೀದೀದೋ, ನಮ್ಮ ಶೇಖವ್ವಂದೋ? ಆಕಿ ಚಿಗವ್ವನ ಮಗಳು. ನಾ ಆ ಕಡೀ ನಿಂತಿದ್ದೆ."

ಅಯ್ಯೋ ಶಿವನೇ! ಆ ಕ್ಯಾಮೆರಾದ ಗಾಜಿನಲ್ಲಿ ಎಡಕ್ಕಿರುವುದು ಬಲಕ್ಕೆ ಕಾಣುತ್ತದೆ, ಬಲಕ್ಕಿರುವುದು ಎಡಕ್ಕೆ. ಸೋದರಮಾವ ಕಿವಿ ಹಿಂಡಿ ಕಲಿಸಿದ ಮೊದಲ ಪಾಠವೇ ಅದು. ಪ್ರೀತಿಯ ಗಡಿಬಿಡಿಯಲ್ಲಿ ಮಹಾರಾಯ ಅದನ್ನೇ ಮರೆತು, ಇಡೀ ರೋಲನ್ನು ನಾದಿನಿಯ ನಾಲಿಗೆಗೆ ಸುರಿದಿದ್ದ.

"ನಾ ಅನ್ನೋದು ನಿಮಗ ಹೆಂಗ ಗೊತ್ತಾತ್ರಿ?" ಎಂದ, ಇನ್ನೂ ಗಾಜಿನೊಳಗೇ ಮುಖವಿಟ್ಟುಕೊಂಡು.

"ನೀವು ಬರೋದು ಹಜರತಣ್ಣಾರು ಹೋದ ವಾರನ ಹೇಳ್ಯಾರ. ಇಲ್ದಿದ್ರ ಈ ಬಿಸಲಾಗ ನಾ ಯಾಕ ಬರ್ತಿದ್ದೆ? ಆ ಡಬ್ಬಿ ಕೆಳಗ ಇಟ್ಟು ಮಾರಿ ಎತ್ರಿ. ನಾನೂ ನೋಡಬ್ಯಾಡೇನು?"

ಗುದ್ಲೆಪ್ಪ ಮುಖ ಎತ್ತಿದ. ಕಪ್ಪಗಿನ ಹುಡುಗಿ, ಹುಬ್ಬಿನ ಮೇಲೊಂದು ಗಾಯದ ಗುರುತು, ತಡೆದರೂ ತುಟಿ ದಾಟುವ ನಗು. ಅವನ ಕಣ್ಣು ಮತ್ತೆ ಗಾಜಿನತ್ತ ಜಾರಿತು. ಮಾದೇವಿ ಮಾತ್ರ ಎಲೆ ಆರಿಸುವಷ್ಟೇ ಸಾವಕಾಶವಾಗಿ ಅವನನ್ನು ರುಮಾಲಿನಿಂದ ಚಪ್ಪಲಿಯವರೆಗೆ ನೋಡಿದಳು.

ಅಷ್ಟರಲ್ಲಿ ಮಾದೇವಿಯ ಚಿಕ್ಕಮ್ಮ ಹುಡುಕಿಕೊಂಡು ಬಂದಳು. "ಯವ್ವಾ, ಅಳಿಯಾರು!" ಎಂದು ಸೆರಗು ಎಳೆದುಕೊಂಡು, "ಏನ ಮಾಡಾಕತ್ತೀ ಇಲ್ಲೆ? ಮಂದಿ ನೋಡಿದ್ರ ಏನಂದಾರು?" ಎಂದು ಗದರಿದಳು.

"ಗಂಡು ನೋಡಾಕ ಬಂದಿದ್ದೆ ಚಿಗವ್ವಾ" ಎಂದಳು ಮಾದೇವಿ, ಸಂತೆಗೆಲ್ಲ ಕೇಳುವಂತೆ. "ಅವತ್ತ ನನ್ನ ಯಾರೂ ಕೇಳ್ಲೇ ಇಲ್ಲ. ಈಗ ಅಪ್ಪಗ ಹೋಗಿ ಹೇಳು, ಹುಡುಗ ಅಡ್ಡಿ ಇಲ್ಲ ಅಂತ."

ಗುದ್ಲೆಪ್ಪ ಎಲೆಬುಟ್ಟಿಯ ಮೇಲೆ ಧೊಪ್ಪನೆ ಕುಳಿತುಬಿಟ್ಟ. "ಏಳಲೇ, ನನ್ನ ಎಲಿ ಎಲ್ಲಾ ಹಾಳಾದ್ವು!" ಎಂದು ಹಜರತಅಲಿ ಬಾಯಿ ಬಡಿದುಕೊಂಡರೂ ಏಳಲಿಲ್ಲ.