ದೇವಪುತ್ರನ ಎಡಗಾಲಿನ ಪ್ಯಾಡ್

ನಾನು ಹಾಕಿ ಗೋಲ್‌ಕೀಪರ್ ಎಡಗಾಲಿಗೆ ಕಟ್ಟುವ ಪ್ಯಾಡ್. ಹುಟ್ಟಿದ್ದು ಜಲಂಧರದ ಕಾರ್ಖಾನೆಯಲ್ಲಿ. ನನ್ನನ್ನು ಮೊದಲು ಕಟ್ಟಿಕೊಂಡವರು ಹುಬ್ಬಳ್ಳಿಯ ಸಾಮುವೇಲಪ್ಪ. ಮೊಣಕಾಲು ಕೈಕೊಟ್ಟ ಮೇಲೆ ಅವರು ನಮ್ಮ ಜೋಡಿಯನ್ನು ಬೆಟಗೇರಿಯ ದೇವಪುತ್ರನಿಗೆ ಒಪ್ಪಿಸಿದರು.

ಸಂಬಳಕ್ಕೆ ಆಡುವ ಹಾಕಿ ಲೀಗ್ ಆಗ ಹೊಸದಾಗಿ ಶುರುವಾಗುವುದಿತ್ತು. ಬೆಂಗಳೂರು ತಂಡದ ಶಿಬಿರಕ್ಕೆ ದೇವಪುತ್ರನಿಗೂ ಕರೆ ಬಂತು. ಅವನಿಗೆ ಮೂವತ್ತೈದು ದಾಟಿತ್ತು; ಇದು ತಪ್ಪಿದರೆ ಮತ್ತೊಂದು ಕರೆ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಮೊದಲ ವಾರ ಚೆಂಡೇ ಇಲ್ಲ, ಬರೀ ಓಟ. ಮೈದಾನದ ಅಂಚಿನಿಂದ ನಾನು ನೋಡುತ್ತಿದ್ದೆ. ಪ್ರತಿ ಸುತ್ತಿನಲ್ಲೂ ಅವನೇ ಕೊನೆ.

"ವಯಸ್ಸಾಯ್ತಲ್ಲಪ್ಪ," ಅಂದರು ಕೋಚ್ ಮೊಣ್ಣಪ್ಪ.

"ಗೋಲು ಓಡಂಗಿಲ್ಲಲ್ರಿ ಸರ, ನಿಂತಲ್ಲೇ ಇರತೈತಿ."

ಮೊಣ್ಣಪ್ಪ ನಗಲಿಲ್ಲ. ಆ ರಾತ್ರಿ ದೇವಪುತ್ರ ಊಟ ಬಿಟ್ಟು ನನ್ನ ಮೇಲೆ ತಲೆಯಿಟ್ಟು ಮಲಗಿದ.

ಆಯ್ಕೆಗೆ ಮುಂಚೆ ಒಂದು ಅಭ್ಯಾಸ ಪಂದ್ಯವಿತ್ತು. ಅವನ ಮುಂದೆ ನಿಂತ ಡಿಫೆಂಡರ್‌ಗಳಲ್ಲಿ ಒಬ್ಬ ಪಂಜಾಬಿ, ಒಬ್ಬ ಒಡಿಶಾದವನು, ಇನ್ನೊಬ್ಬ ಆಸ್ಟ್ರೇಲಿಯಾದ ಡೀನ್. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಎದುರಾಳಿಗಳು ನಡುವೆ ಸಲೀಸಾಗಿ ನುಗ್ಗುತ್ತಿದ್ದರು. ದೇವಪುತ್ರನಿಗೆ ಸುಮ್ಮನಿರಲಾಗಲಿಲ್ಲ, ಕೂಗಿದ.

"ಏ ಡೀನ್, ಎಡಕ್ಕ ಸರಿ! ಅವನ್ನ ಬಿಡಬ್ಯಾಡ!"

ಕನ್ನಡ ಯಾರಿಗೆ ಅರ್ಥವಾಗಬೇಕು? ಆದರೆ ಅವನ ಕೈ ತೋರಿಸಿದ ದಿಕ್ಕು ಅರ್ಥವಾಯಿತು. ಡೀನ್ ಎಡಕ್ಕೆ ಸರಿದ, ಉಳಿದವರು ನಡುವಿನ ಸಂದು ಮುಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ಡೀನೇ "ಯಡಕ್ಕ, ಯಡಕ್ಕ" ಎಂದು ಬೊಬ್ಬೆ ಹಾಕತೊಡಗಿದ. ಕೊನೆಗೆ ಎದುರಾಳಿಗಳಿಗೊಂದು ಪೆನಾಲ್ಟಿ ಕಾರ್ನರ್ ಸಿಕ್ಕಿತು. ಚೆಂಡು ಗುಂಡಿನಂತೆ ಮೂಲೆಗೆ ಹಾರಿತು. ದೇವಪುತ್ರ ಮೈ ಚೆಲ್ಲಿದ. ಏಟು ನನಗೆ ಬಿತ್ತು. ಚೆಂಡು ಗೋಲಿನ ಕಂಬದ ಹೊರಗೆ ಚಿಮ್ಮಿತು.

ಮೊಣ್ಣಪ್ಪ ಹತ್ತಿರ ಬಂದು ಅವನನ್ನು ಕೈಹಿಡಿದು ಎಬ್ಬಿಸಿದರು. "ಲೀಗಲ್ಲಿ ಇನ್ನೂ ಜೋರಾಗಿ ಕೂಗ್ಬೇಕು. ಅಲ್ಲಿ ಜನರ ಗಲಾಟೆ ಇರ್ತದೆ."

ಆಯ್ಕೆಯಾಯಿತೆಂದು ತಿಳಿಯಲು ದೇವಪುತ್ರನಿಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಅಲ್ಲೇ ಕೂತು ಮುಖ ಮುಚ್ಚಿಕೊಂಡು ಅತ್ತ.

ಲೀಗಿಗೆ ತಂಡದ ಬಣ್ಣದ ಹೊಸ ಪ್ಯಾಡ್‌ಗಳು ಬಂದವು. ಹಳೆಯ ಜೋಡಿಯಾದ ನಾವು ಬೆಟಗೇರಿಯ ಅವನ ಮನೆಗೆ ಮರಳಿದೆವು. ಮೊದಲ ಪಂದ್ಯದ ಸಂಜೆ ಅವನ ಹೆಂಡತಿ ರೂತಮ್ಮ ನನ್ನನ್ನು ಮಡಿಲಲ್ಲಿಟ್ಟುಕೊಂಡು ಟಿವಿ ಮುಂದೆ ಕೂತಳು. ತಂಡ ಗೆದ್ದಾಗ ಓಣಿಯೆಲ್ಲ ಕುಣಿಯಿತು.

ಈಗ ನಾನು ಟ್ರಂಕಿನ ಮೇಲೆ ಆರಾಮಾಗಿದ್ದೇನೆ. ಗ್ಯಾಲರಿಯ ಚಪ್ಪಾಳೆ ಹೊಸ ಪ್ಯಾಡಿನ ಪಾಲಾಯಿತು, ಆಗಲಿ. ಅಲ್ಲಿಯವರೆಗೆ ಅವನು ಹೋದದ್ದು ನನ್ನನ್ನು ಕಟ್ಟಿಕೊಂಡೇ.