ಒಲೆಯ ನೆತ್ತಿಯ ಮೇಲಿನ ಮಡಕೆ

ಆ ಮನೆಯ ಅಲಸಂದೆಯ ಬಗ್ಗೆ ಹೇಳಹೊರಟರೆ ನಾಲಿಗೆ ಸವೆದೀತೇ ಹೊರತು ಮಾತು ಮುಗಿಯದು. ಅದರ ಕಾಯಿ ಎಷ್ಟು ಉದ್ದವೆಂದರೆ, ತೊಟ್ಟಿನಿಂದ ಸವರುತ್ತ ಹೊರಟವರು ತುದಿ ಮುಟ್ಟುವಷ್ಟರಲ್ಲಿ ಪಕ್ಕದ ಹೊಲದಲ್ಲಿರುತ್ತಿದ್ದರು. ಅದು ಬೇಯುವ ಪರಿಮಳಕ್ಕೆ, ಮುನಿಸಿಕೊಂಡು ತವರಿಗೆ ಹೊರಟ ಸೊಸೆಯರು ಅರ್ಧ ದಾರಿಯಿಂದಲೇ ಹಿಂತಿರುಗಿದ್ದುಂಟು. ಸತ್ತವರು ಎದ್ದು ಕೂತರೆಂದು ಮಾತ್ರ ಯಾರೂ ಹೇಳಿಲ್ಲ. ಅಷ್ಟು ಸುಳ್ಳು ಇದರಲ್ಲಿಲ್ಲ.

ಇಂಥ ಬೀಜವನ್ನು ಆ ಮನೆಯವರು ತಲೆತಲಾಂತರದಿಂದ ಒಂದು ಮಡಕೆಯಲ್ಲಿಟ್ಟು ಒಲೆಯ ನೆತ್ತಿಗೆ ತೂಗುಹಾಕುತ್ತ ಬಂದಿದ್ದರು. ಹೊಲದ ಹೊಣೆ ಕೈ ಬದಲಾಯಿಸುವ ವರ್ಷ ಮನೆಯ ಹಿರಿಯರು ಆ ಮಡಕೆಯನ್ನು ಹೊಸ ಕೈಗೆ ಕೊಡಬೇಕು. ಹೊಸ ಕೈ ಮೊದಲ ಕಾಳು ಊರಬೇಕು. ಈ ವರ್ಷ ಹೊಣೆ ಮಗಳಿಗೆ. ಮಡಕೆ ಕೊಡುವ ಹಿಂದಿನ ದಿನ ಮಧ್ಯಾಹ್ನ, ಊರವರ ಬಾಯಲ್ಲಿ ‘ಮೀಸೆ’ ಎನಿಸಿಕೊಂಡ ಅವಳ ಅಪ್ಪ ಸ್ಟೂಲು ಹತ್ತಿ, ಮಡಕೆ ಇಳಿಸಿ, ಮುಚ್ಚಳ ತೆಗೆದ. ನಿಂಬೆಹಣ್ಣು ನಿಲ್ಲಿಸಬಹುದಾಗಿದ್ದ ಆ ಮೀಸೆ ಅಲ್ಲೇ ಜೋತುಬಿತ್ತು.

ಒಳಗೆ ಕಾಳಿಗಿಂತ ಹುಳವೇ ಹೆಚ್ಚು. ಬೆರಳಿಟ್ಟರೆ ಬರೀ ಹಿಟ್ಟು. ಉಳಿದ ಕಾಳಿಗೂ ಮುಂದೊಂದು ಬಾಗಿಲು, ಹಿಂದೊಂದು ಕಿಟಕಿ.

ಹೊಸ ಅಡುಗೆಮನೆ ಕಟ್ಟಿಸಿದವನು ಅವನೇ. ಸೌದೆ ಒಲೆ ಒಡೆಸಿ ಗ್ಯಾಸ್ ಒಲೆ ಇರಿಸಿದಾಗ, ಮೇಸ್ತ್ರಿಯ ಪ್ರಾಣ ತಿಂದು, ದಾರಕ್ಕೆ ಗುಂಡು ಕಟ್ಟಿ ಇಳಿಬಿಡಿಸಿ, ಒಲೆಯ ನಡುನೆತ್ತಿಗೆ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕೊಕ್ಕೆ ಹಾಕಿಸಿದ್ದ. ಹಿರಿಯರು ಒಲೆಯ ಮೇಲೆ ಎಂದಿದ್ದರು. ಮಡಕೆ ಒಲೆಯ ಮೇಲೆಯೇ ಇತ್ತು. ಇಲ್ಲದ್ದು ಹೊಗೆ. ಹೊಗೆಯಿಲ್ಲದ ಬೆಚ್ಚನೆ ಮಡಕೆಯಲ್ಲಿ ಹುಳಗಳು ಮನೆ ಅಳಿಯಂದಿರ ಹಾಗೆ ಕಾಲು ಚಾಚಿ, ಉಂಡು, ಸಂಸಾರ ಬೆಳೆಸಿದ್ದವು.

“ಮಡಕೆ ಇಳಿಸಿದ್ಯೇನೋ?” ನಡುಮನೆಯಿಂದ ಅವನ ತಾಯಿಯ ದನಿ.

“ಹೂಂ ಕಣಮ್ಮ.”

“ಬೀಜ ಹೇಗಿದೆ?”

“ಅದಕ್ಕೇನಾಗುತ್ತೆ! ಗುಂಡುಕಲ್ಲಿದ್ದ ಹಾಗಿದೆ!” ಎಂದ. ಅವನ ಎದೆ ಹೊಡೆದುಕೊಳ್ಳುವ ಸದ್ದಿಗೆ ಗೂಡಿನ ತಟ್ಟೆಗಳು ಗಲಗಲಿಸಿದವು.

ಸೈಕಲ್ ತುಳಿದು ದಿನಸಿ ಅಂಗಡಿಗೆ ಓಡಿದ. ಅಂಗಡಿಯವನು ಕಣ್ಣರಳಿಸಿದ.

“ಏನ್ ಮೀಸೆ, ನೀನು ಅಲಸಂದೆ ಕೊಳ್ಳೋದಾ? ಬಾವಿಯೇ ಕೊಡ ಹಿಡ್ಕೊಂಡು ನೀರಿಗೆ ಬಂದ ಹಾಗಾಯ್ತಲ್ಲಪ್ಪಾ!”

“ದನಕ್ಕೆ ಬೇಯಿಸಿ ಹಾಕೋಕೆ ಕಣೋ. ತೂಗು, ಬಾಯಿ ಮುಚ್ಚು.”

“ದನಕ್ಕಾ? ಮತ್ತೆ ಒಂದೊಂದೇ ಕಾಳು ಆರಿಸ್ತಾ ಇದೀಯ, ಹೆಣ್ಣು ನೋಡೋಕೆ ಬಂದವರ ಹಾಗೆ!”

ಬಣ್ಣ, ಗಾತ್ರ ಎಲ್ಲ ಮನೆಯದ್ದೇ ಅನ್ನಿಸುವ ಹಾಗೆ ಆರಿಸಿ ತಂದ. ಹಳೆಯದನ್ನು ತಿಪ್ಪೆಗೆ ಸುರಿಯಲು ಹೋದರೆ ಕೈ ಏಳಲಿಲ್ಲ. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಸಾಲಾಗಿ ಬಂದು ಅವನ ರಟ್ಟೆ ಹಿಡಿದುಕೊಂಡಂತಾಯಿತು. ಹಾಗಾಗಿ ಹುಳವನ್ನಷ್ಟೇ ಕೇರಿ ತೆಗೆದು, ಹಳೆಯ ಕಾಳಿನ ಮೇಲೆಯೇ ಅಂಗಡಿಯದ್ದನ್ನು ಸುರಿದು, ಮಡಕೆ ಕುಲುಕಿದ. ಪೂರ್ತಿ ಸುಳ್ಳಾಗಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡ.

ಬೆಳಗ್ಗೆ ಹೊಲದಲ್ಲಿ ಮುದುಕಿ ಮೊಮ್ಮಗಳ ಕೈಗೆ ಮಡಕೆ ಇಟ್ಟಳು. ಹುಡುಗಿ ಅದನ್ನು ಮಗುವಿನ ಹಾಗೆ ಎದೆಗವಚಿಕೊಂಡಳು. ಮೀಸೆಯ ಬೆವರು ಎಷ್ಟು ಸುರಿಯಿತೆಂದರೆ ಆ ಸಾಲಿಗೆ ಬೇರೆ ನೀರು ಬೇಕಿರಲಿಲ್ಲ.

“ಅಜ್ಜಿ, ಇದನ್ನ ನನ್ನ ಮಕ್ಕಳಿಗೂ ಹೀಗೇ ಕೊಡ್ತೀನಿ,” ಎಂದು ಅವಳು ಒಂದು ಕಾಳು ತೆಗೆದು ಬಾಗಿದಳು.

ಇನ್ನೂ ಹುಟ್ಟದ ಮೊಮ್ಮಕ್ಕಳು ದಿನಸಿ ಅಂಗಡಿಯ ಕಾಳಿಗೆ ಕೈ ಮುಗಿಯುವುದು ಮೀಸೆಯ ಕಣ್ಣಿಗೆ ಕಟ್ಟಿತು.

“ಊರಬೇಡ ಮಗಳೇ!” ಅವನು ಕೂಗಿದ ರಭಸಕ್ಕೆ ಊರಾಚೆಯ ನಾಯಿಗಳೂ ಬೊಗಳಿದವು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದ.

ಮುದುಕಿ ಬದುವಿನ ಮೇಲೆ ಕುಸಿದು ಕೂತಳು. “ನೀರಿಗೆ ಹಾಕಿ ನೋಡಿ. ಟೊಳ್ಳು ತೇಲುತ್ತೆ, ಗಟ್ಟಿ ಮುಳುಗುತ್ತೆ,” ಎಂದಳು.

“ಅಂಗಡಿ ಕಾಳೂ ಮುಳುಗುತ್ತಲ್ಲ ಅಜ್ಜಿ. ಎರಡನ್ನೂ ಕಲಸಿಬಿಟ್ಟಿದ್ದೀರಲ್ಲಪ್ಪಾ! ಬೇರೆ ಬೇರೆ ಇದ್ದಿದ್ರೆ ಬದುಕಿದ್ದು ಯಾವುದು ಅಂತಾದ್ರೂ ಗೊತ್ತಾಗ್ತಿತ್ತು.”

“ಹುಳ ತಿಂದು ಉಳಿಸಿದ್ದನ್ನ ಇವನು ಮುಗಿಸಿದ,” ಎಂದಳು ಮುದುಕಿ.

ಆ ಮಾತು ಮೀಸೆಗೆ ನೇಗಿಲ ಮೊನೆಯಂತೆ ನಾಟಿತು. ಮಗಳು ಮಾತ್ರ ಮಡಕೆಯೊಳಗೇ ನೋಡುತ್ತಿದ್ದಳು.

“ನಮ್ಮದರ ಹೂವು ಬಿಳಿ ಅಲ್ವಾ? ಬೇರೆಯವರ ಹೊಲದಲ್ಲೆಲ್ಲ ನೇರಳೆ. ಮುಳುಗಿದ್ದನ್ನೆಲ್ಲ ದೂರ ದೂರ ಊರೋಣ. ಹೂವು ಬಿಡೋವರೆಗೆ ಕಾಯೋಣ.”

ಕಾದರು. ಮೀಸೆ ಕಾದದ್ದಕ್ಕೆ ಹೋಲಿಸಿದರೆ ಕೊಕ್ಕರೆಯ ತಪಸ್ಸು ಗಡಿಬಿಡಿಯ ಕೆಲಸ. ಮೊಳಕೆ ಬಂದಾಗ ಪ್ರತಿಯೊಂದರ ಮುಂದೆ ಮಂಡಿಯೂರಿ, ‘ನೀನು ನಮ್ಮವಳಾ?’ ಎಂದು ಪಿಸುಗುಟ್ಟಿದ. ಬಳ್ಳಿ ಹಬ್ಬಿತು, ಮೊಗ್ಗು ಬಂತು. ಮೊದಲ ಹೂವು ನೇರಳೆ. ಮರುದಿನವೂ ನೇರಳೆ. ಹೊಲದ ತುಂಬ ಯಾರೋ ಶಾಯಿ ಚೆಲ್ಲಿದಂತೆ ಬರೀ ನೇರಳೆ. ಮಗಳು ತುಟಿ ಕಚ್ಚಿಕೊಂಡು ಒಂದೊಂದು ಬಳ್ಳಿಯನ್ನೇ ಕಿತ್ತೆಸೆದಳು.

“ಬಿಳಿ ಬಂತೇನೋ?” ತಾಯಿ ದಿನಾ ಕೇಳುತ್ತಿದ್ದಳು.

“ಬರುತ್ತೆ ಬಿಡಮ್ಮ,” ಎನ್ನುತ್ತಿದ್ದ ಮೀಸೆ. ಅನ್ನ ಸೇರದಾಯಿತು.

“ರೀ, ಊಟ ಮಾಡ್ರೀ,” ಎಂದು ಹೆಂಡತಿ ಗದರಿದಳು. “ನೀವು ಉಪವಾಸ ಬಿದ್ರೆ ಹೂವಿನ ಬಣ್ಣ ಬದಲಾಗಲ್ಲ.”

ಕೊನೆಯ ಸಾಲಿನಲ್ಲಿ, ಎಲ್ಲಕ್ಕಿಂತ ತಡವಾಗಿ ಎದ್ದ ಒಂದು ಬಡಕಲು ಬಳ್ಳಿಯಿತ್ತು. ಒಂದು ಬೆಳಗ್ಗೆ ಅದರಲ್ಲಿ ಹೂವು ಬಿರಿದಿತ್ತು, ಬೆಳ್ಳಗೆ, ಹಾಲುಹಲ್ಲಿನ ಹಾಗೆ. ಮೀಸೆ ಕೂಗಲು ಬಾಯಿ ತೆರೆದು, ಉಸಿರು ತಾಗಿದರೆ ಹೂವು ಉದುರೀತೆಂದು ಹಾಗೇ ಮುಚ್ಚಿಕೊಂಡ.

ಆ ದಿನದಿಂದ ಹೊಸ ದಿಗಿಲು. ಹಕ್ಕಿ ಹಾರಿದರೆ ದಿಗಿಲು, ಕರು ಕೂಗಿದರೆ ದಿಗಿಲು. ಊರಿಗೇ ಬಡಿಸಬಹುದೆಂದು ಹೆಸರಾಗಿದ್ದ ಅಲಸಂದೆಯ ವಂಶವೆಲ್ಲ ಈಗ ನಾಲ್ಕೈದು ಕಾಯಲ್ಲಿ ಜೋತಾಡುತ್ತಿತ್ತು. ಕಾಯಿ ಹಳದಿಗೆ ತಿರುಗುವ ಹೊತ್ತಿಗೆ ಸರಿಯಾಗಿ, ಆಕಾಶದ ತುಂಬ ಎಮ್ಮೆ ಹಿಂಡಿನಂಥ ಮೋಡ ಇಳಿಯಿತು.

“ಕಿತ್ತುಬಿಡೋಣ!” ಮೀಸೆ ಕೈ ಚಾಚಿದ. “ನೆಂದ್ರೆ ಬೂಷ್ಟು ಹಿಡಿಯುತ್ತೆ, ಎಲ್ಲಾ ಮುಗೀತು!”

“ಬೇಡಪ್ಪ. ಒಳಗೆ ಇನ್ನೂ ಬಲಿತಿಲ್ಲ. ಈಗ ಕಿತ್ರೆ ಸುಕ್ಕಾಗುತ್ತೆ, ಮೊಳೆಯಲ್ಲ.”

“ಅಮ್ಮಾ, ನೀನಾದ್ರೂ ಹೇಳು!”

ಬದುವಿನ ಮೇಲೆ ಕೂತ ಮುದುಕಿ ಇಬ್ಬರನ್ನೂ ನೋಡಿದಳು. “ನನ್ನನ್ನ ಯಾಕೆ ಕೇಳ್ತೀಯ? ಮಡಕೆ ಅವಳ ಕೈಗೆ ಕೊಟ್ಟಾಯ್ತು. ಹೊಲ ಅವಳದ್ದು.”

ಮೊದಲ ಹನಿ ಮೀಸೆಯ ಮೂಗಿನ ಮೇಲೆ ಬಿತ್ತು. ಚಾಚಿದ ಕೈ ಕಾಯಿಯಿಂದ ಗೇಣು ದೂರದಲ್ಲಿತ್ತು. ಅಷ್ಟು ಭಾರದ ಕೈಯನ್ನು ಭೂಮಿಯ ಮೇಲೆ ಬೇರಾರೂ ಹಿಂದಕ್ಕೆ ಎಳೆದುಕೊಂಡಿರಲಾರರು. ಎಳೆದುಕೊಂಡ. ಶೆಡ್ಡಿಗೆ ಓಡಿ, ಟಾರ್ಪಾಲು ತಂದು, ಎರಡೂ ಕೈಯೆತ್ತಿ ಬಳ್ಳಿಯ ಮೇಲೆ ಚಪ್ಪರದಂತೆ ಹಿಡಿದು ನಿಂತ. ಮಳೆ ಬೋರಿಟ್ಟು ಸುರಿಯಿತು. ನೀರು ಅವನ ಬೆನ್ನಿಗೆ ಇಳಿದು ಚಡ್ಡಿಯೊಳಗೆ ಕೆರೆ ಕಟ್ಟಿತು. ಮಗಳು ಟಾರ್ಪಾಲಿನ ಕೆಳಗೆ ಕುಕ್ಕರಗಾಲಲ್ಲಿ ಕೂತು, ಕಾಯಿಗಳನ್ನು ಅಂಗೈಯಲ್ಲಿ ಎತ್ತಿ ಹಿಡಿದಿದ್ದಳು.

“ಮಗಳೇ,” ಎಂದ ಮೀಸೆ, ಹಲ್ಲು ಕಟಕಟ ಕಡಿಯುತ್ತ, “ಸರಿಯಾಗಿ ಹಿಡಿದಿದ್ದೀನೇನೇ?”

“ಇನ್ನೂ ಸ್ವಲ್ಪ ಎಡಕ್ಕಪ್ಪ,” ಎಂದಳು ಅವಳು.

ಅವನು ಸರಿದ.